ಉಸಿರಾಟದ ವೈರಾಣು ಸೋಂಕು ಮತ್ತು ಆಸ್ಪತ್ರೆಯ ದುರ್ಬಲ ರೋಗಿ: ಬಹರೈನ್‌ನಿಂದ ಒಂದು ಅವಲೋಕನ

ಬಹರೈನ್ ದ್ವೀಪದ ವಾಯವ್ಯ ಕರಾವಳಿಯಲ್ಲಿರುವ ಬುದಯ್ಯ ಒಂದು ಕಾಲದಲ್ಲಿ ಮೀನುಗಾರರ ಮತ್ತು ಮುತ್ತು ತೆಗೆಯುವವರ ಊರಾಗಿತ್ತು. ಇಂದು ಅದು ಖರ್ಜೂರದ ತೋಟಗಳ ನಡುವೆ ಹರಡಿಕೊಂಡ ವಸತಿ ಪ್ರದೇಶ. ಚಳಿಗಾಲದ ಶನಿವಾರಗಳಂದು ಇಲ್ಲಿನ ಸಸ್ಯೋದ್ಯಾನದಲ್ಲಿ ರೈತರ ಸಂತೆ ನೆರೆಯುತ್ತದೆ. ಊರಿನ ದಕ್ಷಿಣಕ್ಕೆ, ಜಸ್ರಾದ ಬಳಿಯಿಂದ, ಸುಮಾರು 25 ಕಿಲೋಮೀಟರ್ ಉದ್ದದ ಕಿಂಗ್ ಫಹದ್ ಸೇತುವೆ ಸೌದಿ ಅರೇಬಿಯಾದತ್ತ ಚಾಚಿಕೊಂಡಿದೆ. 1986ರಲ್ಲಿ ತೆರೆದ ಆ ಸೇತುವೆಯ ಮೇಲೆ ಜನ, ಸರಕು, ಯಾತ್ರಿಕರು ಎಡೆಬಿಡದೆ ಸಂಚರಿಸುತ್ತಾರೆ. ಅವರೊಡನೆ ವೈರಾಣುಗಳೂ ಸಂಚರಿಸುತ್ತವೆ.

ನಾನು ಈ ದ್ವೀಪದ ಆಸ್ಪತ್ರೆಗಳ ವೈದ್ಯಕೀಯ ವಾರ್ಡುಗಳಲ್ಲಿ ಎರಡು ದಶಕಗಳಿಗೂ ಮಿಕ್ಕಿ ಕೆಲಸ ಮಾಡಿ ಈಗ ನಿವೃತ್ತನಾಗಿ ಬುದಯ್ಯದಲ್ಲಿ ನೆಲೆಸಿದ್ದೇನೆ. ನಮ್ಮ ಸಮುದಾಯದವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: "ಬರೀ ಫ್ಲೂ ಅಲ್ಲವೇ ಡಾಕ್ಟರೇ, ಅದಕ್ಕೆ ಆಸ್ಪತ್ರೆ ಯಾಕೆ?" ಆರೋಗ್ಯವಂತರ ಪಾಲಿಗೆ ಈ ಪ್ರಶ್ನೆ ಸರಿಯೇ. ಆದರೆ ಮೂತ್ರಪಿಂಡ ಕಸಿ ಮಾಡಿಸಿಕೊಂಡವರು, ಡಯಾಲಿಸಿಸ್‌ನಲ್ಲಿರುವವರು, ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು, ಗರ್ಭಿಣಿಯರು, ಎಪ್ಪತ್ತು ದಾಟಿದ ತಂದೆ ತಾಯಂದಿರು ಇವರೆಲ್ಲರ ಪಾಲಿಗೆ ಅದೇ ಸೋಂಕು ಬೇರೆಯದೇ ಕಾಯಿಲೆ. ಆ ವ್ಯತ್ಯಾಸವನ್ನೂ, ಅಂಥವರ ಚಿಕಿತ್ಸೆ ಹೇಗೆ ಸಾಗಬೇಕೆಂಬುದನ್ನೂ ವಿವರಿಸುವುದು ಈ ಲೇಖನದ ಉದ್ದೇಶ. ಇದು ಯಾರ ಸ್ವಂತ ವೈದ್ಯರ ಸಲಹೆಗೂ ಬದಲಿಯಲ್ಲ.

ದುರ್ಬಲರು ಎಂದರೆ ಯಾರು?

ವೈದ್ಯಶಾಸ್ತ್ರದಲ್ಲಿ ದುರ್ಬಲತೆ ಎಂಬುದು ಮೈಕಟ್ಟಿನ ಮಾತಲ್ಲ. ಸೋಂಕಿನ ಎದುರು ದೇಹಕ್ಕೆ ಇರುವ ಮೀಸಲು ಶಕ್ತಿಯ ಮಾತು. ಈ ಮೀಸಲು ಮೂರು ಬಗೆಯಲ್ಲಿ ಕುಂದಬಹುದು. ಮೊದಲನೆಯದು ಅಂಗಗಳ ಮೀಸಲು: ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಹೃದಯ ವೈಫಲ್ಯ, ಮೂತ್ರಪಿಂಡ ವೈಫಲ್ಯ ಇರುವವರು ಆಮ್ಲಜನಕದ ಸಣ್ಣ ಇಳಿಕೆಯನ್ನೂ ತಾಳಲಾರರು. ಎರಡನೆಯದು ರೋಗನಿರೋಧಕ ಶಕ್ತಿಯ ಮೀಸಲು: ಅಂಗ ಕಸಿ, ಅಸ್ಥಿಮಜ್ಜೆ ಕಸಿ, ರಕ್ತದ ಕ್ಯಾನ್ಸರ್, ದೀರ್ಘಕಾಲದ ಸ್ಟೀರಾಯ್ಡ್ ಸೇವನೆ ಇವುಗಳಿಂದ ವೈರಾಣುವನ್ನು ಹೊರದೂಡುವ ಸಾಮರ್ಥ್ಯವೇ ಕುಗ್ಗಿರುತ್ತದೆ. ಮೂರನೆಯದು ಶರೀರದ ಸ್ಥಿತಿಯಿಂದಲೇ ಬರುವ ಇಕ್ಕಟ್ಟು: ಗರ್ಭಧಾರಣೆಯ ಕೊನೆಯ ತಿಂಗಳುಗಳು, ಅತಿ ಸ್ಥೂಲಕಾಯ, ಶೈಶವ, ಮುಪ್ಪು. 2009ರ ಎಚ್1ಎನ್1 ಸಾಂಕ್ರಾಮಿಕದಲ್ಲಿ ಗರ್ಭಿಣಿಯರೂ ಸ್ಥೂಲಕಾಯರೂ ತೀವ್ರ ನಿಗಾ ಘಟಕಗಳಿಗೆ ಹೆಚ್ಚಾಗಿ ಬಂದುದನ್ನು ಜಗತ್ತಿನೆಲ್ಲೆಡೆ ವೈದ್ಯರು ಕಂಡರು.

ಈ ಮೂರಕ್ಕೆ ನಾನು ನಾಲ್ಕನೆಯದೊಂದನ್ನು ಸೇರಿಸುತ್ತೇನೆ. ಅದು ದೂರದ ದುರ್ಬಲತೆ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಆ ಕಡೆಯೇ ಉಳಿದರು. ಆಸ್ಪತ್ರೆ ತಲುಪಲಾಗದೆ ಹಲವರು ತೀರಿಕೊಂಡರು. ಅವರಿಗೆ ವೈರಾಣು ತಗಲಿರಲೇಬೇಕೆಂದಿರಲಿಲ್ಲ. ಸಾಂಕ್ರಾಮಿಕ ಕಾಲದಲ್ಲಿ ದಾರಿ ಮುಚ್ಚುವುದೂ ಒಂದು ರೋಗಕಾರಣವೇ. ಕೊಲ್ಲಿಯ ಕಾರ್ಮಿಕ ಶಿಬಿರದಲ್ಲಿ ಒಂದೇ ಕೋಣೆಯಲ್ಲಿ ಹಲವರೊಡನೆ ಮಲಗುವ ಮಧುಮೇಹಿಗೂ ಇದೇ ಮಾತು ಅನ್ವಯಿಸುತ್ತದೆ.

ನಾನು ಮಾಡಿದ ಒಂದು ತಪ್ಪು

ಹಲವು ವರ್ಷಗಳ ಹಿಂದೆ, ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯೊಂದಕ್ಕೆ ಜನವರಿಯ ಒಂದು ಸಂಜೆ ನಮ್ಮ ಕರಾವಳಿಯ ಕಡೆಯ ಗೃಹಸ್ಥರೊಬ್ಬರು ಬಂದರು. ಕೆಲವು ವರ್ಷಗಳ ಹಿಂದೆ ಊರಿನಲ್ಲಿ ಮೂತ್ರಪಿಂಡ ಕಸಿ ಮಾಡಿಸಿಕೊಂಡಿದ್ದರು. ಎರಡು ದಿನದಿಂದ ಕೆಮ್ಮು, ತುಸು ಆಯಾಸ. ಜ್ವರವಿರಲಿಲ್ಲ. ಎಕ್ಸ್‌ರೇ ಬಹುಮಟ್ಟಿಗೆ ಸ್ವಚ್ಛವಾಗಿತ್ತು. ಮೂಗಿನ ದ್ರವದ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿ, ಫಲಿತಾಂಶ ಬಂದ ಮೇಲೆ ನೋಡೋಣವೆಂದು ನಿರ್ಧರಿಸಿದೆ. ನಡುವೆ ವಾರಾಂತ್ಯ ಬಂತು. ಫಲಿತಾಂಶ ಕೈಸೇರುವ ಹೊತ್ತಿಗೆ ಎರಡು ದಿನ ಕಳೆದಿದ್ದವು. ಇನ್‌ಫ್ಲುಯೆಂಜಾ ಎ ಎಂದು ಖಚಿತವಾದಾಗ ಅವರು ಆಗಲೇ ಹೆಚ್ಚಿನ ಆಮ್ಲಜನಕದ ಮೇಲಿದ್ದರು. ಔಷಧ ಆರಂಭಿಸಿದೆವು, ಕೃತಕ ಉಸಿರಾಟಕ್ಕೆ ಹಾಕಿದೆವು. ಮೂರನೆಯ ವಾರ ಅವರು ತೀರಿಕೊಂಡರು.

ಮೊದಲ ಸಂಜೆಯೇ ಔಷಧ ಕೊಟ್ಟಿದ್ದರೆ ಬದುಕುತ್ತಿದ್ದರೆಂದು ಹೇಳುವುದು ಸಾಧ್ಯವಿಲ್ಲ. ಆದರೆ ನಾನು ಎರಡು ಕಡೆ ತಪ್ಪಿದೆ ಎಂಬುದು ನನಗೆ ಸ್ಪಷ್ಟ. ಜ್ವರವಿಲ್ಲ ಎಂಬುದನ್ನು ಸಮಾಧಾನದ ಸಂಗತಿಯೆಂದು ತಿಳಿದೆ. ಜ್ವರ ಎಂಬುದು ರೋಗನಿರೋಧಕ ವ್ಯವಸ್ಥೆಯ ಕೂಗು. ಕಸಿಯ ಔಷಧಗಳು ಆ ವ್ಯವಸ್ಥೆಯ ಬಾಯನ್ನೇ ಕಟ್ಟಿರುತ್ತವೆ. ಎರಡನೆಯದಾಗಿ, ಪರೀಕ್ಷೆಯ ಫಲಿತಾಂಶಕ್ಕೆ ಕಾದೆ. ದುರ್ಬಲ ರೋಗಿಯ ವಿಷಯದಲ್ಲಿ ಕಾಯುವುದು ತಟಸ್ಥ ನಿರ್ಧಾರವಲ್ಲ. ವೈರಾಣುವಿಗೆ ಎರಡು ದಿನದ ಅವಕಾಶ ಕೊಡುವ ನಿರ್ಧಾರ ಅದು. ಮುಂದೆ ಬರೆಯುವ ಬಹಳಷ್ಟು ಮಾತುಗಳ ಹಿಂದೆ ಆ ಸಂಜೆಯಿದೆ.

ಸೇತುವೆಯ ಆಚೆಯಿಂದ ಬಂದ ಪಾಠ

ಆಸ್ಪತ್ರೆಯೇ ಸೋಂಕಿನ ಕೇಂದ್ರವಾಗಬಲ್ಲದು ಎಂಬುದನ್ನು ಕೊಲ್ಲಿ ಪ್ರದೇಶ ಕೋವಿಡ್‌ಗಿಂತ ಬಹಳ ಮೊದಲೇ ಕಲಿಯಿತು. 2012ರಲ್ಲಿ ಸೌದಿ ಅರೇಬಿಯಾದಲ್ಲಿ ಗುರುತಿಸಲ್ಪಟ್ಟ ಮರ್ಸ್ ಕೊರೋನಾ ವೈರಾಣು ಒಂಟೆಗಳಿಂದ ಮನುಷ್ಯರಿಗೆ ಬರುತ್ತದೆ. ಹೊರಗಿನ ಸಮಾಜದಲ್ಲಿ ಅದು ಸುಲಭವಾಗಿ ಹರಡುವುದಿಲ್ಲ. ಆಸ್ಪತ್ರೆಯೊಳಗೆ ಮಾತ್ರ ಬೇಗ ಹರಡುತ್ತದೆ. 2013ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸೇತುವೆಯ ಆಚೆಯ ಅಲ್ ಅಹ್ಸಾ ಪ್ರಾಂತದಲ್ಲಿ 23 ಖಚಿತ ಪ್ರಕರಣಗಳು ಕಂಡವು. ಅವುಗಳಲ್ಲಿ 21 ಮಂದಿಗೆ ಸೋಂಕು ತಗಲಿದ್ದು ಡಯಾಲಿಸಿಸ್ ಘಟಕ, ತೀವ್ರ ನಿಗಾ ಘಟಕ ಮತ್ತು ಒಳರೋಗಿಗಳ ವಾರ್ಡುಗಳಲ್ಲಿ. ಹದಿನೈದು ಮಂದಿ ಸತ್ತರು. ವಾರಕ್ಕೆ ಮೂರು ಬಾರಿ ಒಂದೇ ಕೋಣೆಯಲ್ಲಿ ನಾಲ್ಕು ತಾಸು ಕುಳಿತುಕೊಳ್ಳಲೇಬೇಕಾದ ಡಯಾಲಿಸಿಸ್ ರೋಗಿಗೆ ದೂರ ಉಳಿಯುವ ಆಯ್ಕೆಯೇ ಇರುವುದಿಲ್ಲ.

2015ರಲ್ಲಿ ಬಹರೈನ್, ಯುಎಇ, ಸೌದಿ ಅರೇಬಿಯಾ ಮತ್ತು ಕತಾರ್‌ಗಳಲ್ಲಿ ಸಂಚರಿಸಿ ದಕ್ಷಿಣ ಕೊರಿಯಾಗೆ ಮರಳಿದ ಒಬ್ಬ ಪ್ರಯಾಣಿಕರಿಂದ ಆರಂಭವಾದ ಸರಪಳಿ 186 ಮಂದಿಯನ್ನು ತಲುಪಿತು. 38 ಮಂದಿ ಮೃತಪಟ್ಟರು. ಹರಡಿದ್ದು ಬಹುಪಾಲು ಆಸ್ಪತ್ರೆಗಳಲ್ಲಿ. ಸಿಯೋಲ್‌ನ ದೊಡ್ಡ ಆಸ್ಪತ್ರೆಯೊಂದರ ಕಿಕ್ಕಿರಿದ ತುರ್ತು ವಿಭಾಗದಲ್ಲಿ ಒಬ್ಬನೇ ರೋಗಿಯಿಂದ ಎಂಬತ್ತಕ್ಕೂ ಹೆಚ್ಚು ಮಂದಿಗೆ ತಗಲಿತು. ಪ್ರಯಾಣದ ವಿವರವನ್ನು ಮೊದಲ ವೈದ್ಯರೇ ಕೇಳಿ ಎಚ್ಚರಗೊಂಡಿದ್ದರೆ ಸರಪಳಿ ಅಲ್ಲಿಯೇ ತುಂಡಾಗಬಹುದಿತ್ತು. ಬಹರೈನ್‌ನಲ್ಲಿಯೂ 2016ರಲ್ಲಿ ಒಂದು ಮರ್ಸ್ ಪ್ರಕರಣ ವರದಿಯಾಯಿತು. ಅಂದಿನಿಂದ ಉಸಿರಾಟದ ತೊಂದರೆಯಿಂದ ಬಂದವರನ್ನು ನಾನು ಕೇಳುತ್ತಿದ್ದ ಮೊದಲ ಪ್ರಶ್ನೆಗಳು ಎರಡು: ಎಲ್ಲಿಗೆ ಹೋಗಿದ್ದಿರಿ? ಯಾವ ಪ್ರಾಣಿಗಳ ಬಳಿ ಇದ್ದಿರಿ?

ಮರ್ಸ್ ಚಿಕಿತ್ಸೆಯ ಬಗ್ಗೆಯೂ ಸೌದಿ ವೈದ್ಯರು ಮುಖ್ಯ ಅಧ್ಯಯನ ನಡೆಸಿದರು. 2020ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಆಸ್ಪತ್ರೆಗೆ ದಾಖಲಾದ 95 ರೋಗಿಗಳಿದ್ದರು. ಲೋಪಿನವೀರ್, ರಿಟೋನವೀರ್ ಮತ್ತು ಇಂಟರ್‌ಫೆರಾನ್ ಬೀಟಾ ಪಡೆದವರಲ್ಲಿ 90 ದಿನಗಳೊಳಗೆ ಸತ್ತವರು ಶೇ. 28. ಹುಸಿ ಔಷಧ ಪಡೆದವರಲ್ಲಿ ಶೇ. 44. ಲಾಭ ಕಂಡುದು ಮುಖ್ಯವಾಗಿ ಲಕ್ಷಣ ಆರಂಭವಾದ ಏಳು ದಿನಗಳೊಳಗೆ ಔಷಧ ಸಿಕ್ಕವರಲ್ಲಿ. ವೈರಾಣು ನಿರೋಧಕ ಔಷಧಗಳ ಎಲ್ಲ ಕಥೆಯ ತಿರುಳೂ ಇದೇ. ಮೊದಲ ದಿನಗಳಲ್ಲಿ ಶತ್ರು ವೈರಾಣು. ಆಮೇಲೆ ದೇಹದ ಉರಿಯೂತವೇ ಶತ್ರು. ಯಾವ ಔಷಧ ಯಾವ ದಿನ ಎಂಬುದು ಇದರಿಂದಲೇ ತೀರ್ಮಾನವಾಗುತ್ತದೆ.

ಮೊದಲ ಗಂಟೆಗಳ ಕೆಲಸ

ದುರ್ಬಲ ರೋಗಿ ಉಸಿರಾಟದ ಸೋಂಕಿನೊಡನೆ ವಾರ್ಡಿಗೆ ಬಂದಾಗ ನಾಲ್ಕು ಕೆಲಸಗಳು ಏಕಕಾಲಕ್ಕೆ ನಡೆಯಬೇಕು.

ಮೊದಲನೆಯದು ಪ್ರತ್ಯೇಕಿಸುವುದು. ಮುಖಗವಸು, ಬೇರೆ ಕೋಣೆ, ಗಾಳಿಯಾಡುವ ವ್ಯವಸ್ಥೆ. ಇದು ರೋಗಿಗಿಂತ ಹೆಚ್ಚಾಗಿ ಪಕ್ಕದ ಹಾಸಿಗೆಯವರಿಗಾಗಿ.

ಎರಡನೆಯದು ಪರೀಕ್ಷೆ. ಇನ್‌ಫ್ಲುಯೆಂಜಾ, ಕೋವಿಡ್ ಮತ್ತು ಆರ್‌ಎಸ್‌ವಿ ಮೂರನ್ನೂ ಒಟ್ಟಿಗೆ ನೋಡುವ ಆಣ್ವಿಕ ಪರೀಕ್ಷೆ ಉತ್ತಮ. ಮೂಗಿನ ಮಾದರಿ ನಕಾರಾತ್ಮಕವಾಗಿ ಬಂದರೂ ಶಂಕೆ ಬಲವಾಗಿದ್ದರೆ ಕೆಳ ಶ್ವಾಸನಾಳದ ಮಾದರಿ ಬೇಕು. ಶ್ವಾಸಕೋಶದ ಆಳದಲ್ಲಿ ವೈರಾಣು ಇದ್ದು ಮೂಗಿನಲ್ಲಿ ಇಲ್ಲದಿರುವುದು ಅಪರೂಪವಲ್ಲ.

ಮೂರನೆಯದು ಆಮ್ಲಜನಕ. ಸಾಮಾನ್ಯವಾಗಿ ರಕ್ತದ ಆಮ್ಲಜನಕದ ಮಟ್ಟವನ್ನು ಶೇ. 92 ರಿಂದ 96ರ ನಡುವೆ ಇರಿಸುತ್ತೇವೆ. ದೀರ್ಘಕಾಲದ ಧೂಮಪಾನದಿಂದ ಇಂಗಾಲದ ಡೈಆಕ್ಸೈಡ್ ದೇಹದಲ್ಲಿ ಉಳಿಯುವ ರೋಗಿಗಳಲ್ಲಿ 88 ರಿಂದ 92 ಸಾಕು. ಅವರಿಗೆ ಅತಿಯಾದ ಆಮ್ಲಜನಕವೇ ಅಪಾಯ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಪ್ಪು ಚರ್ಮದ ರೋಗಿಗಳಲ್ಲಿ ನಿಜಕ್ಕಿಂತ ಹೆಚ್ಚು ತೋರಿಸಬಹುದು. 2020ರಲ್ಲಿ ಅಮೆರಿಕದಿಂದ ಪ್ರಕಟವಾದ ಅಧ್ಯಯನದಲ್ಲಿ, ಯಂತ್ರ ಸರಿಯೆಂದು ತೋರಿಸುತ್ತಿದ್ದಾಗಲೂ ರಕ್ತದಲ್ಲಿ ಆಮ್ಲಜನಕ ಕಡಿಮೆಯಿದ್ದ ಸಂದರ್ಭಗಳು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಹೆಚ್ಚಾಗಿ ಕಂಡವು. ಆದ್ದರಿಂದ ಯಂತ್ರ 94 ಎಂದರೂ ರೋಗಿ ಏದುಸಿರು ಬಿಡುತ್ತಿದ್ದರೆ ನಂಬಬೇಕಾದುದು ರೋಗಿಯನ್ನು.

ನಾಲ್ಕನೆಯದು ಔಷಧ. ಇನ್‌ಫ್ಲುಯೆಂಜಾ ಕಾಲದಲ್ಲಿ ಆಸ್ಪತ್ರೆಗೆ ದಾಖಲಾಗುವ ದುರ್ಬಲ ರೋಗಿಗೆ ಫಲಿತಾಂಶಕ್ಕೆ ಕಾಯದೆ ಒಸೆಲ್ಟಾಮಿವಿರ್ ಆರಂಭಿಸಬೇಕು. ವಯಸ್ಕರಲ್ಲಿ ಸಾಮಾನ್ಯ ಪ್ರಮಾಣ 75 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, ಐದು ದಿನ. ಮೂತ್ರಪಿಂಡದ ಕಾರ್ಯ ಕುಂದಿದ್ದರೆ ಪ್ರಮಾಣ ತಗ್ಗಿಸಬೇಕು. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅವಧಿಯನ್ನು ಹೆಚ್ಚಿಸುವುದುಂಟು. ಪ್ರಮಾಣವನ್ನು ಇಮ್ಮಡಿಗೊಳಿಸುವುದರಿಂದ ಲಾಭ ಕಂಡಿಲ್ಲ. ಗರ್ಭಿಣಿಯರಿಗೂ ಕೊಡಬಹುದು, ಕೊಡಬೇಕು. ಮೊದಲ 48 ತಾಸುಗಳೊಳಗೆ ಕೊಟ್ಟರೆ ಉತ್ತಮ. ಆದರೆ ಆಸ್ಪತ್ರೆಗೆ ದಾಖಲಾದವರಿಗೆ ತಡವಾದರೂ ಕೊಡುವ ರೂಢಿಯಿದೆ. ಬ್ಯಾಕ್ಟೀರಿಯಾದ ನ್ಯುಮೋನಿಯಾ ಜೊತೆಗೂಡುವ ಸಾಧ್ಯತೆ ಇರುವುದರಿಂದ, ಅದರಲ್ಲೂ ನ್ಯುಮೋಕಾಕಸ್ ಮತ್ತು ಸ್ಟೆಫಿಲೋಕಾಕಸ್, ಎಕ್ಸ್‌ರೇಯಲ್ಲಿ ಹೊಸ ನೆರಳು ಕಂಡರೆ ಪ್ರತಿಜೀವಕಗಳೂ ಬೇಕಾಗುತ್ತವೆ.

ಆರ್‌ಎಸ್‌ವಿಯ ಕಥೆ ಬೇರೆ. ಶಿಶುಗಳಿಗೆ ಬೇಕಾದುದು ಮುಖ್ಯವಾಗಿ ಆಮ್ಲಜನಕ, ಮೂಗಿನ ಸ್ವಚ್ಛತೆ ಮತ್ತು ದ್ರವಾಹಾರ. ಅಸ್ಥಿಮಜ್ಜೆ ಕಸಿಯಾದವರಲ್ಲಿ ಕೆಲವೆಡೆ ರೈಬವೈರಿನ್ ಬಳಸುತ್ತಾರೆ, ಆದರೆ ಅದಕ್ಕೆ ದೃಢವಾದ ಆಧಾರ ಕಡಿಮೆ.

ಸ್ಟೀರಾಯ್ಡ್ ಎಂಬ ಇಬ್ಬಾಯಿಯ ಖಡ್ಗ

ಕೋವಿಡ್ ಚಿಕಿತ್ಸೆಯ ದೊಡ್ಡ ತಿರುವು 2020ರ ಜೂನ್ 16ರಂದು ಬಂತು. ಬ್ರಿಟನ್ನಿನ ರಿಕವರಿ ಪ್ರಯೋಗ ಡೆಕ್ಸಾಮೆಥಸೋನ್ ಎಂಬ ಅಗ್ಗದ ಹಳೆಯ ಔಷಧದ ಫಲಿತಾಂಶ ಪ್ರಕಟಿಸಿತು. ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ ಹತ್ತು ದಿನ. ಕೃತಕ ಉಸಿರಾಟದಲ್ಲಿದ್ದವರ ಮರಣ ಪ್ರಮಾಣ ಶೇ. 41.4ರಿಂದ 29.3ಕ್ಕೆ ಇಳಿಯಿತು. ಆಮ್ಲಜನಕ ಮಾತ್ರ ಪಡೆಯುತ್ತಿದ್ದವರಲ್ಲಿ 26.2ರಿಂದ 23.3ಕ್ಕೆ. ಆಮ್ಲಜನಕವೇ ಬೇಡವಾಗಿದ್ದವರಲ್ಲಿ ಲಾಭವಿರಲಿಲ್ಲ. ಅವರಲ್ಲಿ ಮರಣ 14.0ರ ಬದಲು 17.8 ಇತ್ತು. ಒಂದೇ ಔಷಧ, ಒಂದೇ ಪ್ರಮಾಣ. ಸರಿಯಾದ ಹಂತದಲ್ಲಿ ಜೀವ ಉಳಿಸಿತು. ತಪ್ಪು ಹಂತದಲ್ಲಿ ಹಾನಿ ಮಾಡಿರಬಹುದು.

ನಮ್ಮ ನಾಡಿನಲ್ಲಿ ಆ ಕೊನೆಯ ಸಾಲನ್ನು ಓದದೆಯೇ ಔಷಧ ಹಂಚಲಾಯಿತು. ಮನೆಯಲ್ಲಿಯೇ ಮೊದಲ ದಿನದಿಂದ ಸ್ಟೀರಾಯ್ಡ್ ನುಂಗಿದ ಮಧುಮೇಹಿಗಳು ಅನೇಕರು. 2021ರಲ್ಲಿ ಕರ್ನಾಟಕದ ಆಸ್ಪತ್ರೆಗಳು ಕಂಡ ಕಪ್ಪು ಶಿಲೀಂಧ್ರದ ಹಾವಳಿಗೆ ಹತೋಟಿ ತಪ್ಪಿದ ಸಕ್ಕರೆ ಮತ್ತು ಅತಿಯಾದ ಸ್ಟೀರಾಯ್ಡ್ ಬಳಕೆ ಮುಖ್ಯ ಕಾರಣಗಳೆಂದು ತಜ್ಞರು ಗುರುತಿಸಿದರು.

ಉಷ್ಣವಲಯದಿಂದ ಬಂದ ನಮ್ಮಂಥವರಿಗೆ ಇನ್ನೊಂದು ಎಚ್ಚರಿಕೆಯಿದೆ. ಬರಿಗಾಲಿನಲ್ಲಿ ಗದ್ದೆ ತೋಟಗಳಲ್ಲಿ ನಡೆದವರ ಕರುಳಿನಲ್ಲಿ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ದಶಕಗಳ ಕಾಲ ಸದ್ದಿಲ್ಲದೆ ಉಳಿಯಬಲ್ಲದು. ಸ್ಟೀರಾಯ್ಡ್ ಕೊಟ್ಟಾಗ ಅದು ದೇಹದೆಲ್ಲೆಡೆ ಹರಡಿ ಪ್ರಾಣಾಪಾಯ ತರಬಹುದು. ಐವರ್ಮೆಕ್ಟಿನ್ ಕೋವಿಡ್‌ಗೆ ಮದ್ದಲ್ಲ. ಈ ಹುಳುವಿಗೆ ಮಾತ್ರ ಅದೇ ಮದ್ದು. ಊರು ಬಿಟ್ಟು ಮೂವತ್ತು ವರ್ಷವಾದ ರೋಗಿಯಲ್ಲಿಯೂ ಈ ಶಂಕೆ ಇರಬೇಕು. ಹಾಗೆಯೇ ಟೊಸಿಲಿಜುಮ್ಯಾಬ್‌ನಂಥ ಬಲವಾದ ಉರಿಯೂತ ನಿರೋಧಕಗಳಿಗೆ ಮುನ್ನ ಕ್ಷಯ ಮತ್ತು ಹೆಪಟೈಟಿಸ್ ಬಿ ಇವೆಯೇ ಎಂದು ನೋಡಬೇಕು.

ಇನ್‌ಫ್ಲುಯೆಂಜಾದಲ್ಲಿ ಸ್ಟೀರಾಯ್ಡ್ ಬಳಕೆಯ ವಿರುದ್ಧ ವಿಶ್ವ ಆರೋಗ್ಯ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಷರತ್ತುಬದ್ಧ ಸಲಹೆ ನೀಡಿದೆ. ಕೋವಿಡ್‌ನಲ್ಲಿ ಒಳ್ಳೆಯದಾದದ್ದು ಫ್ಲೂನಲ್ಲಿಯೂ ಒಳ್ಳೆಯದೆಂದು ಭಾವಿಸಬಾರದು. ಪರೀಕ್ಷೆ ಬೇಕಾಗುವುದು ಇದಕ್ಕಾಗಿಯೂ. ರೋಗಿ ಮೊದಲೇ ಆಸ್ತಮಾಗೆ ಅಥವಾ ಕಸಿಗಾಗಿ ಸ್ಟೀರಾಯ್ಡ್ ಸೇವಿಸುತ್ತಿದ್ದರೆ ಅದನ್ನು ಥಟ್ಟನೆ ನಿಲ್ಲಿಸುವಂತೆಯೂ ಇಲ್ಲ.

ಔಷಧಗಳ ಜಗಳ

ದುರ್ಬಲ ರೋಗಿಯ ಬಳಿ ಮೊದಲೇ ಮಾತ್ರೆಗಳ ಚೀಲವಿರುತ್ತದೆ. ಕೋವಿಡ್‌ನ ಮಾತ್ರೆ ಪ್ಯಾಕ್ಸ್‌ಲೊವಿಡ್‌ನಲ್ಲಿರುವ ರಿಟೋನವೀರ್ ಯಕೃತ್ತು ಇತರ ಔಷಧಗಳನ್ನು ಕರಗಿಸುವ ದಾರಿಯನ್ನೇ ಮುಚ್ಚುತ್ತದೆ. ಕಸಿಯಾದವರು ಸೇವಿಸುವ ಟ್ಯಾಕ್ರೊಲಿಮಸ್‌ನ ಮಟ್ಟ ಆಗ ಹಲವು ಪಟ್ಟು ಏರಿ ಕಸಿಯ ಮೂತ್ರಪಿಂಡವನ್ನೇ ಹಾಳುಮಾಡಬಹುದು. ಕೆಲವು ಹೃದಯದ ಮಾತ್ರೆಗಳು, ಕೊಲೆಸ್ಟರಾಲ್ ಮಾತ್ರೆಗಳು, ರಕ್ತ ತೆಳುಗೊಳಿಸುವ ಔಷಧಗಳ ಕಥೆಯೂ ಇದೇ. ಇಂಥವರಿಗೆ ರಕ್ತನಾಳದ ಮೂಲಕ ಕೊಡುವ ರೆಮ್‌ಡೆಸಿವಿರ್ ಹೆಚ್ಚು ಸುರಕ್ಷಿತ.

ಆದ್ದರಿಂದ ಮನೆಯವರಲ್ಲಿ ನನ್ನ ಬಿನ್ನಹ: ರೋಗಿಯನ್ನು ಕರೆತರುವಾಗ ಸಿಪಿಆರ್ ಕಾರ್ಡಿನೊಡನೆ ಮಾತ್ರೆಗಳ ಚೀಲವನ್ನೂ ತನ್ನಿ. ಊರಿನಿಂದ ತಂದ ಆಯುರ್ವೇದದ ಲೇಹ್ಯವನ್ನೂ ಮರೆಯಬೇಡಿ. ನಾವು ಗದರುವುದಿಲ್ಲ.

ಇವರಲ್ಲಿ ವೈರಾಣು ಬೇಗ ದೇಹ ಬಿಟ್ಟುಹೋಗುವುದೂ ಇಲ್ಲ. ಆರೋಗ್ಯವಂತರಲ್ಲಿ ಒಂದು ವಾರದಲ್ಲಿ ಮುಗಿಯುವ ಇನ್‌ಫ್ಲುಯೆಂಜಾ ಇವರಲ್ಲಿ ವಾರಗಟ್ಟಲೆ, ಕೋವಿಡ್ ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಕ್ಯಾಲೆಂಡರ್ ನೋಡಿ ಪ್ರತ್ಯೇಕವಾಸ ಮುಗಿಸುವಂತಿಲ್ಲ.

ಕುಡುಗೋಲು ಕಣ: ಈ ದ್ವೀಪದ ವಿಶೇಷ

ಬಹರೈನ್‌ನಲ್ಲಿ ದುರ್ಬಲ ರೋಗಿ ಎಂದೊಡನೆ ಇಲ್ಲಿನ ವೈದ್ಯರಿಗೆ ನೆನಪಾಗುವುದು ಸಿಕಲ್ ಸೆಲ್ ಅಥವಾ ಕುಡುಗೋಲು ಕಣ ರೋಗ. ಮದುವೆಗೆ ಮುನ್ನ ರಕ್ತ ಪರೀಕ್ಷೆಯನ್ನು 2004ರ ಕಾನೂನು ಕಡ್ಡಾಯಗೊಳಿಸಿತು. ನವಜಾತ ಶಿಶುಗಳ ತಪಾಸಣೆಯೂ ನಡೆಯುತ್ತದೆ. ಬುದಯ್ಯ ಹೆದ್ದಾರಿಯುದ್ದಕ್ಕೂ ಇರುವ ಹಳ್ಳಿಗಳಲ್ಲಿ ಈ ಕಾಯಿಲೆಯ ನೋವನ್ನು ಅರಿಯದ ಮನೆತನ ವಿರಳ. ನಮಗೂ ಇದು ದೂರದ್ದಲ್ಲ. ಪೂರ್ವ ಅರೇಬಿಯಾದಲ್ಲಿ ಮತ್ತು ಭಾರತದಲ್ಲಿ ಕಾಣುವ ಈ ವಂಶವಾಹಿಯ ಮಾದರಿ ಒಂದೇ. ಅದನ್ನು ಅರಬ್ ಭಾರತೀಯ ಮಾದರಿಯೆಂದೇ ಕರೆಯುತ್ತಾರೆ. ಮೈಸೂರು, ಕೊಡಗು, ಚಾಮರಾಜನಗರ ಜಿಲ್ಲೆಗಳ ಕಾಡಂಚಿನ ಆದಿವಾಸಿ ಸಮುದಾಯಗಳಲ್ಲಿಯೂ ಕಾಯಿಲೆಯಿದೆ.

ಆಮ್ಲಜನಕ ಇಳಿದಾಗ ಇವರ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳನ್ನು ಮುಚ್ಚುತ್ತವೆ. ಶ್ವಾಸಕೋಶದಲ್ಲಿ ಹೀಗಾದಾಗ ಆಮ್ಲಜನಕ ಮತ್ತಷ್ಟು ಇಳಿಯುತ್ತದೆ, ಮತ್ತಷ್ಟು ಕಣಗಳು ಬಾಗುತ್ತವೆ. ಜ್ವರ, ಎದೆನೋವು, ಎಕ್ಸ್‌ರೇಯಲ್ಲಿ ಹೊಸ ನೆರಳು ಸೇರಿದ ಈ ಸ್ಥಿತಿ ತಾಸುಗಳೊಳಗೆ ಪ್ರಾಣ ತೆಗೆಯಬಲ್ಲದು. ಅದಕ್ಕೆ ಕಿಡಿ ಹಚ್ಚುವ ಸಾಮಾನ್ಯ ಕಾರಣಗಳಲ್ಲಿ ಉಸಿರಾಟದ ವೈರಾಣು ಸೋಂಕು ಒಂದು. ಚಿಕಿತ್ಸೆಯಲ್ಲಿ ವೈರಾಣು ನಿರೋಧಕದ ಜೊತೆಗೆ ಆಮ್ಲಜನಕ, ಪ್ರತಿಜೀವಕ, ಹದವಾದ ದ್ರವ, ಸಾಕಷ್ಟು ನೋವು ನಿವಾರಣೆ, ಆಳವಾಗಿ ಉಸಿರೆಳೆಯುವ ವ್ಯಾಯಾಮ ಮತ್ತು ಅಗತ್ಯವಿದ್ದರೆ ರಕ್ತ ಬದಲಾವಣೆ ಸೇರುತ್ತವೆ. ನೋವು ನಿವಾರಣೆ ಇಲ್ಲಿ ದಯೆಯ ಮಾತಷ್ಟೇ ಅಲ್ಲ. ಎದೆ ನೋಯುವವನು ಆಳವಾಗಿ ಉಸಿರಾಡಲಾರ. ಆಳವಾಗಿ ಉಸಿರಾಡದವನ ಶ್ವಾಸಕೋಶ ಕುಸಿಯುತ್ತದೆ. ಸ್ಟೀರಾಯ್ಡ್ ಇವರಲ್ಲಿ ನೋವಿನ ಮರುಕಳಿಕೆ ತರಬಹುದಾದ್ದರಿಂದ ಅದನ್ನು ತೂಗಿ ಅಳೆದು ಕೊಡಬೇಕು.

2020, 2021: ಎರಡು ತೀರಗಳ ನಡುವೆ

ಬಹರೈನ್ ತನ್ನ ಮೊದಲ ಕೋವಿಡ್ ಪ್ರಕರಣವನ್ನು 2020ರ ಫೆಬ್ರವರಿ 24ರಂದು ಪ್ರಕಟಿಸಿತು. ಮುಂದಿನ ತಿಂಗಳ 10ರಂದು ಸೌದಿ ಅರೇಬಿಯಾದಿಂದ ಮರಳಿದ್ದ ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಭಾರತದ ಮೊದಲ ಕೋವಿಡ್ ಸಾವು ಅದು. ಕೊಲ್ಲಿಗೂ ಕರ್ನಾಟಕಕ್ಕೂ ಇರುವ ನಂಟು ಆ ಸಾವಿನಲ್ಲಿಯೇ ಬರೆದಿತ್ತು.

ಇಲ್ಲಿ ಪರೀಕ್ಷೆ ಮತ್ತು ಚಿಕಿತ್ಸೆ ಪೌರರಿಗೂ ನಿವಾಸಿಗಳಿಗೂ ಉಚಿತವಾಗಿದ್ದವು. ಸೇನಾ ಆಸ್ಪತ್ರೆಯ ವಾಹನ ನಿಲುಗಡೆಯ ಕಟ್ಟಡದಲ್ಲಿ 130 ಹಾಸಿಗೆಗಳ ತೀವ್ರ ನಿಗಾ ಘಟಕ ಕೆಲವೇ ದಿನಗಳಲ್ಲಿ ಎದ್ದು ನಿಂತಿತು. ಚೇತರಿಸಿಕೊಂಡವರ ರಕ್ತದ್ರವವನ್ನು ರೋಗಿಗಳಿಗೆ ಕೊಡುವ ಚಿಕಿತ್ಸೆಯನ್ನು ಇಲ್ಲಿನ ವೈದ್ಯರು ಅಂದಾಜಿಗೆ ಬಿಡದೆ ಪ್ರಯೋಗಕ್ಕೆ ಒಡ್ಡಿದರು. 40 ರೋಗಿಗಳು, ಎರಡು ಗುಂಪುಗಳಲ್ಲಿ ಇಪ್ಪತ್ತಿಪ್ಪತ್ತು. ರಕ್ತದ್ರವ ಪಡೆದವರಲ್ಲಿ ನಾಲ್ವರಿಗೆ, ಪಡೆಯದವರಲ್ಲಿ ಆರು ಮಂದಿಗೆ ಕೃತಕ ಉಸಿರಾಟ ಬೇಕಾಯಿತು. ಅಷ್ಟು ಸಣ್ಣ ಸಂಖ್ಯೆಯಲ್ಲಿ ಈ ವ್ಯತ್ಯಾಸಕ್ಕೆ ಅರ್ಥವಿಲ್ಲವೆಂದು ಲೇಖಕರೇ ಒಪ್ಪಿ ದೊಡ್ಡ ಪ್ರಯೋಗ ಬೇಕೆಂದರು. ಮುಂದೆ ಹನ್ನೊಂದು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ ಬ್ರಿಟನ್ನಿನ ಪ್ರಯೋಗದಲ್ಲಿ ಎರಡೂ ಗುಂಪುಗಳ ಮರಣ ಶೇ. 24 ಆಗಿತ್ತು. ಲಾಭವಿಲ್ಲವೆಂದು ತಿಳಿಯುವುದೂ ಲಾಭವೇ. ರೋಗಿಯ ಮನೆಯವರು ರಕ್ತದಾನಿಗಾಗಿ ಊರೆಲ್ಲ ಅಲೆಯುವುದು ಅದರಿಂದ ತಪ್ಪಿತು.

2021ರ ಮೇ ಮೊದಲ ವಾರ ಮರೆಯುವಂಥದ್ದಲ್ಲ. ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಸತ್ತರೆಂಬ ಸುದ್ದಿ ನಮ್ಮ ಫೋನುಗಳಿಗೆ ಬಂತು. ಮೂರು ದಿನಗಳ ಬಳಿಕ, ಮೇ 5ರಂದು, ಭಾರತೀಯ ನೌಕಾಪಡೆಯ ಐಎನ್‌ಎಸ್ ತಲ್ವಾರ್ ಹಡಗು ಮನಾಮಾದಿಂದ ದ್ರವ ಆಮ್ಲಜನಕದ ಎರಡು ಟ್ಯಾಂಕರುಗಳನ್ನು ಹೊತ್ತು ನವಮಂಗಳೂರು ಬಂದರಿಗೆ ಸೇರಿತು. ನಾವು ಇಲ್ಲಿನ ರೋಗಿಗಳಿಗೆ ಬಳಸುತ್ತಿದ್ದ ಅದೇ ಅನಿಲ ನಮ್ಮ ಊರಿನ ರೋಗಿಗಳನ್ನು ತಲುಪಿತು. ಹೊಸ ಔಷಧಗಳ ಬಗ್ಗೆ ಎಷ್ಟೇ ಬರೆದರೂ, ತೀವ್ರ ವೈರಾಣು ನ್ಯುಮೋನಿಯಾದಲ್ಲಿ ಅತ್ಯಂತ ಹೆಚ್ಚು ಜೀವ ಉಳಿಸುವ ಔಷಧ ಇಂದಿಗೂ ಆಮ್ಲಜನಕವೇ. ಅದರ ಕೊಳವೆ, ಒತ್ತಡ, ದಾಸ್ತಾನು ನೋಡಿಕೊಳ್ಳುವ ತಂತ್ರಜ್ಞನೂ ವೈದ್ಯನಷ್ಟೇ ಮುಖ್ಯ.

ಹಾಸಿಗೆಯ ಪಕ್ಕದ ಭಾಷೆ

ಕೊಲ್ಲಿಯ ವಾರ್ಡಿನಲ್ಲಿ ವೈದ್ಯ ಅರಬ್ಬಿ ಅಥವಾ ಇಂಗ್ಲಿಷ್ ಆಡುತ್ತಾನೆ, ದಾದಿ ಮಲಯಾಳವನ್ನೋ ಫಿಲಿಪೀನೊ ಭಾಷೆಯನ್ನೋ ಆಡುತ್ತಾಳೆ, ರೋಗಿ ಕನ್ನಡ, ತುಳು ಅಥವಾ ಬ್ಯಾರಿ ಆಡುತ್ತಾನೆ. "ದಮ್ಮು ಕಟ್ಟುತ್ತದೆ", "ಎದೆ ಭಾರ", "ಜೀವ ಸುಸ್ತು" ಈ ಮೂರೂ ದಾಖಲೆಯಲ್ಲಿ ಒಂದೇ ಪದವಾಗಿ ಇಳಿಯುವುದನ್ನು ನೋಡಿದ್ದೇನೆ. ಮೊದಲನೆಯದು ಶ್ವಾಸಕೋಶದ್ದಿರಬಹುದು, ಎರಡನೆಯದು ಹೃದಯದ್ದು, ಮೂರನೆಯದು ಸಕ್ಕರೆಯ ಇಳಿತವೂ ಆಗಿರಬಹುದು. ಕೆಲಸ ಹೋದೀತೆಂಬ ಭಯದಿಂದ "ಈಗ ಪರವಾಗಿಲ್ಲ" ಎನ್ನುವವರೂ ಇದ್ದಾರೆ. ಅವರನ್ನು ಒಂದು ಪೂರ್ಣ ವಾಕ್ಯ ಹೇಳಿಸಿ ನೋಡಬೇಕು. ವಾಕ್ಯದ ನಡುವೆ ಉಸಿರಿಗಾಗಿ ನಿಲ್ಲುವವನು ಪರವಾಗಿಲ್ಲದವನಲ್ಲ.

ಕೃತಕ ಉಸಿರಾಟಕ್ಕೆ ಹಾಕುವ ಮುನ್ನ ರೋಗಿಯೊಡನೆ ಅವರ ಭಾಷೆಯಲ್ಲಿ ಮಾತಾಡುವುದು, ಊರಿನ ಮನೆಗೆ ವೀಡಿಯೊ ಕರೆ ಮಾಡಿಸುವುದು ಚಿಕಿತ್ಸೆಯ ಭಾಗ. ತೀರ ಮುಪ್ಪಿನವರಲ್ಲಿ ಯಂತ್ರ ಬೇಕೇ ಬೇಡವೇ ಎಂಬ ಪ್ರಶ್ನೆ ಆಗಲೇ ಎದುರಾಗುತ್ತದೆ. ಮಕ್ಕಳನ್ನು ನೋಡಲು ಸಂದರ್ಶಕ ವೀಸಾದಲ್ಲಿ ಬಂದ ತಂದೆ ತಾಯಂದಿರ ವಿಷಯದಲ್ಲಿ ಈ ಮಾತುಕತೆ ಮನೆಯೊಳಗೆ ಮೊದಲೇ ನಡೆದಿದ್ದರೆ ಎಲ್ಲರಿಗೂ ಒಳಿತು. ನಡುರಾತ್ರಿ ಕಾರಿಡಾರಿನಲ್ಲಿ ನಿಂತ ಮಗನೊಬ್ಬನಿಂದ ಅಂಥ ಉತ್ತರ ಕೇಳುವುದು ಕ್ರೂರ. ಆದರೂ ಎಷ್ಟೋ ಸಲ ಕೇಳಬೇಕಾಗಿ ಬಂದಿದೆ.

ತಡೆಯ ದಾರಿ

ನಮ್ಮ ಸಮುದಾಯಕ್ಕೆ ಎರಡು ಫ್ಲೂ ಕಾಲಗಳಿವೆ. ಬಹರೈನ್‌ನಲ್ಲಿ ಇನ್‌ಫ್ಲುಯೆಂಜಾ ಏರುವುದು ಚಳಿಗಾಲದಲ್ಲಿ. ಕರ್ನಾಟಕದಲ್ಲಿ ಮುಂಗಾರು ಮಳೆಯ ತಿಂಗಳುಗಳಲ್ಲಿಯೂ ಅದು ಏರುತ್ತದೆ. ಶಾಲೆಗೆ ಬೇಸಿಗೆ ರಜೆ ಬಂದಾಗ ನಾವು ಊರಿಗೆ ಹೋಗುವುದು ಸರಿಯಾಗಿ ಆ ಮಳೆಯೊಳಗೆ. ಆದ್ದರಿಂದ ಅಕ್ಟೋಬರಿನ ಲಸಿಕೆಯ ಜೊತೆಗೆ, ದುರ್ಬಲರು ಊರಿಗೆ ಹೊರಡುವ ಮುನ್ನ ತಮ್ಮ ವೈದ್ಯರನ್ನು ಕೇಳುವುದು ಒಳ್ಳೆಯದು. ನ್ಯುಮೋಕಾಕಸ್ ಲಸಿಕೆಯನ್ನೂ, ಹಿರಿಯರಿಗೆ 2023ರಿಂದ ಬಳಕೆಗೆ ಬಂದಿರುವ ಆರ್‌ಎಸ್‌ವಿ ಲಸಿಕೆಯನ್ನೂ ವಿಚಾರಿಸಬಹುದು. ಕಸಿಯಾದವರಲ್ಲಿ ಲಸಿಕೆ ಪೂರ್ತಿ ಫಲ ಕೊಡದು. ಅವರ ಸುತ್ತಲಿನವರು ಲಸಿಕೆ ಪಡೆಯುವುದೇ ಅವರಿಗೆ ಬೇಲಿ.

ಕೆಮ್ಮುತ್ತ ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗಬೇಡಿ. ನಮ್ಮಲ್ಲಿ ನೋಡಲು ಹೋಗದಿರುವುದು ಅಸಡ್ಡೆಯೆನಿಸುತ್ತದೆ. ಡಯಾಲಿಸಿಸ್ ಘಟಕದ ಬಾಗಿಲಲ್ಲಿ ನಿಂತು ಹಿಂದಿರುಗುವುದು ಕೆಲವೊಮ್ಮೆ ದೊಡ್ಡ ಪ್ರೀತಿ.

ಇನ್ನೊಂದೇ ಮಾತು. ನಿಮ್ಮ ಮನೆಯಲ್ಲಿ ಕಸಿಯಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಡಯಾಲಿಸಿಸ್‌ನಲ್ಲಿರುವವರು ಇದ್ದರೆ, ಅವರಿಗೆ ಕೆಮ್ಮು ಬಂದ ದಿನವೇ ವೈದ್ಯರಿಗೆ ತಿಳಿಸಿ. ಜ್ವರ ಬರಲೆಂದು ಕಾಯಬೇಡಿ. ವೈದ್ಯರು "ನಾಳೆ ನೋಡೋಣ" ಎಂದರೆ, "ಇವರಿಗೆ ಇಂದೇ ಔಷಧ ಆರಂಭಿಸಬಹುದೇ?" ಎಂದು ಒಮ್ಮೆ ಕೇಳಿ. ಆ ಜನವರಿಯ ಸಂಜೆ ನನ್ನನ್ನು ಯಾರಾದರೂ ಹಾಗೆ ಕೇಳಿದ್ದರೆ ನಾನು ಒಂದು ಕ್ಷಣ ನಿಂತು ಯೋಚಿಸುತ್ತಿದ್ದೆ.